ಬೆಕ್ಕಿನ ಕಾಲು ಒರೆಸುವ ಹೊತ್ತು

ಗೋಳಗುಮ್ಮಟದ ಹಿಂದಿನ ಓಣಿ,
ವಿಜಾಪುರ
24 ನವೆಂಬರ್ 1974, ರವಿವಾರ

ಇಮಾಮಬಿಗೆ,

ಸಲಾಮು. ನಿನ್ನ ತಮ್ಮ ಬುಡ್ಡೇಸಾಬನಿಗೂ ಅವನ ಹೆಂಡತಿ ಅಬೇದಾಳಿಗೂ ನನ್ನ ದುವಾ ಹೇಳು. ಕೂಸಿಗೆ ಬೇರೆಯಾಗಿ ಹೇಳು, ಅದರ ಕಿವಿಯಲ್ಲಿ. ನಿನ್ನ ಕಾರ್ಡುಗಳನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ್ದೇನೆ. ಕಚೇರಿಗೆ ಹೊರಟಾಗೆಲ್ಲ ಅವು ನನ್ನನ್ನೇ ನೋಡುತ್ತವೆ, ನಾನು ಚಪ್ಪಲಿ ನೋಡಿಕೊಂಡು ಹೊರಗೆ ಬೀಳುತ್ತೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ದಿನವಿಡೀ ಕಚೇರಿಯಲ್ಲಿ ಬರೆಯುವವನಿಗೆ ಮನೆಗೊಂದು ಪತ್ರ ಬರೆಯಲು ಏನು ಧಾಡಿ ಎಂದು ನೀನು ಕೇಳಬಹುದು. ಕಚೇರಿಯಲ್ಲಿ ನಾನು ಬರೆಯುವುದೆಲ್ಲ ‘ಮೇಲೆ ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುತ್ತದೆ. ಹೆಂಡತಿಗೆ ಹಾಗೆ ಬರೆಯಲು ಬರುವುದಿಲ್ಲ, ಬೇರೆ ರೀತಿ ಬರೆದು ರೂಢಿಯಿಲ್ಲ.

ನಿನ್ನ ಕಾರ್ಡುಗಳಲ್ಲಿ ಇರುವುದು ಒಂದೇ ಪ್ರಶ್ನೆ, ಬೆಕ್ಕು ಹೇಗಿದೆ ಎಂದು. ನಾನು ಹೇಗಿದ್ದೇನೆ ಎಂದು ಕೇಳಿಲ್ಲ. ಕೇಳುವಂಥದ್ದೇನೂ ಇಲ್ಲ, ನಾನು ಇದ್ದ ಹಾಗೇ ಇದ್ದೇನೆ. ಬೆಕ್ಕು ಹಾಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನೀನು ಕನ್ನಡ ಸಾಲಿ ಕಲಿತವಳು, ಈ ಪತ್ರವನ್ನು ನೀನೇ ಓದು. ಬುಡ್ಡೇಸಾಬನ ಕೈಗೆ ಕೊಡಬೇಡ. ಅವನು ಓದಿದರೆ ನಿಮ್ಮೂರು ಘೋಣಸಗಿಯ ಕಟ್ಟೆಗೆಲ್ಲ ಕೇಳಿಸುತ್ತದೆ.

ಅಬೇದಾಳ ಬಾಣಂತನದ ನಲವತ್ತು ದಿನ ಮುಗಿಸಿ ಬರುತ್ತೇನೆ ಎಂದು ಹೋದವಳು ರಂಜಾನ್ ಹಬ್ಬಕ್ಕೂ ಬರಲಿಲ್ಲ. ಓಣಿಯವರು ಕಳಿಸಿದ ಸುರಕುಂಬಾ ಪಾಯಸವನ್ನು ನಾನೂ ಬೆಕ್ಕೂ ಹಂಚಿಕೊಂಡೆವು. ಆಗ ಅದು ಚೆನ್ನಾಗಿಯೇ ಇತ್ತು. ಬೆಳಗಾದರೆ ಒಲೆಯ ಹತ್ತಿರ ಹೋಗಿ ನಿನ್ನನ್ನು ಹುಡುಕುತ್ತಿತ್ತು. ಅಲ್ಲಿ ಸಿಗದಿದ್ದರೆ ನೀನು ಹೊಲಿಯುವ ಕೌದಿಯ ಗಂಟಿನ ಹತ್ತಿರ. ಅಲ್ಲಿಯೂ ಇಲ್ಲವೆಂದಾದ ಮೇಲೆ, ಬೇರೆ ಗತಿಯಿಲ್ಲ ಎನ್ನುವಂತೆ ನನ್ನ ಕೋಣೆಗೆ ಬರುತ್ತಿತ್ತು.

ನನ್ನ ಕೋಣೆಯ ಸಂಗತಿ ನಿನಗೆ ಗೊತ್ತೇ ಇದೆ. ಊರಿನವರ ನಿಂತುಹೋದ ಗಡಿಯಾರಗಳೆಲ್ಲ ಅಲ್ಲಿವೆ. ನೀನು ಹೋದ ಮೇಲೆ ಇನ್ನಷ್ಟು ಬಂದು ಸೇರಿವೆ. ಹೋದ ತಿಂಗಳು ಹಸನಸಾಬರು ಅವರ ಅಜ್ಜನ ಕಾಲದ ಗೋಡೆ ಗಡಿಯಾರ ತಂದು ಹಾಕಿದರು. ಅದರ ಹೊಟ್ಟೆಯಲ್ಲಿ ಜೇಡ ಸಂಸಾರ ಮಾಡಿತ್ತು. ಬಿಚ್ಚಿ, ಒಂದೊಂದು ಗಾಲಿಯನ್ನೂ ಚಿಮಣಿ ಎಣ್ಣೆಯಲ್ಲಿ ತೊಳೆದು, ಅರಿವೆಯ ಮೇಲೆ ಒಣಗಲು ಹರವಿಟ್ಟೆ. ಹಾಗೆ ಕೂತರೆ ನನಗೆ ಊಟದ ನೆನಪಿರುವುದಿಲ್ಲ, ಮನೆಯಲ್ಲಿ ಇನ್ನೊಬ್ಬರು ಇದ್ದಾರೆಂಬ ನೆನಪೂ ಇರುವುದಿಲ್ಲ. ಇದನ್ನು ನಿನಗೆ ಬರೆದು ತಿಳಿಸುವುದು ಬೇಕಿಲ್ಲ. ಉಳಿದ ಗಡಿಯಾರಗಳೆಲ್ಲ ಈಗ ನಡೆಯುತ್ತವೆ, ಒಂದೊಂದು ಒಂದೊಂದು ಹೊತ್ತು ತೋರಿಸುತ್ತವೆ. “ಈ ಮನ್ಯಾಗ ಖರೇ ಟೈಮ ಎಷ್ಟಾತು ಅಂತ ಯಾರನ್ನ ಕೇಳ್ಬೇಕ್ರಿ?” ಎಂದು ನೀನು ಮೊದಲು ಅನ್ನುತ್ತಿದ್ದಿ. ಆಮೇಲಾಮೇಲೆ ಅನ್ನುವುದನ್ನೂ ಬಿಟ್ಟಿ.

ನೀನೂ ನಿನ್ನ ಕೌದಿ ಹಿಡಿದು ಕೂತರೆ ಹಾಗೇ. ನಾನು ಈ ಕೋಣೆಯಲ್ಲಿ, ನೀನು ನಡುಮನೆಯಲ್ಲಿ, ಇಬ್ಬರ ನಡುವೆ ಓಡಾಡುತ್ತಿದ್ದದ್ದು ಬೆಕ್ಕೊಂದೇ. ಸಂಜೆ ದೀಪ ಹಚ್ಚಿದ ಮೇಲೆ ನೀನು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಒದ್ದೆ ಅರಿವೆಯಿಂದ ನಾಲ್ಕೂ ಕಾಲು ಒರೆಸುತ್ತಿದ್ದಿ. “ಏನಬೇ, ಬೆಕ್ಕಿಗೂ ವಜೂ ಮಾಡಸ್ತೀ?” ಎಂದು ನಾನು ಒಳಗಿನಿಂದಲೇ ಚುಡಾಯಿಸುತ್ತಿದ್ದೆ. “ಹೂಂ, ನಿಮ್ಮಂಗ ಇದು ನಮಾಜ ತಪ್ಪಸೂದಿಲ್ಲ” ಎಂದು ಒಮ್ಮೆ ಅಂದಿದ್ದಿ. ಕೌದಿ ಹೊಲಸಾದೀತೆಂದು ಒರೆಸುತ್ತೀ ಅಂತ ನಾನು ತಿಳಿದಿದ್ದೆ. ಬಸ್ಸು ಹತ್ತುವಾಗಲೂ ನೀನು ಹೇಳಿದ್ದು ಅದೊಂದೇ ಮಾತು: “ದಿನಾ ಅದರ ಕಾಲ ಒರಸ್ರಿ, ಮರೀಬ್ಯಾಡ್ರಿ.” ನನ್ನ ಕಿಸೆಯಲ್ಲಿ ಹೊಸ ಸ್ಪ್ರಿಂಗು ಇತ್ತು, ಮನಸ್ಸೆಲ್ಲ ಅದರ ಮೇಲೆ. ಹೂಂ ಎಂದೆ. ಕೌದಿಯವಳೇ ಊರಲ್ಲಿಲ್ಲ, ಇನ್ನು ಕಾಲು ಒರೆಸುವುದೇತಕ್ಕೆ ಎಂದು ಬಿಟ್ಟುಬಿಟ್ಟೆ.

ಹಬ್ಬದ ಮರುವಾರದಿಂದ ಅದು ಹಾಲು ಬಿಡುತ್ತ ಬಂತು. ಬಟ್ಟಲ ಹತ್ತಿರ ಹೋಗಿ ಮೂಸುವುದು, ನಾಲಿಗೆ ಚಾಚುವುದು, ಸುಟ್ಟುಕೊಂಡವರಂತೆ ಹಿಂದೆ ಸರಿಯುವುದು. ಬಾಯಿಂದ ಜೊಲ್ಲು ಸುರಿಯತೊಡಗಿತು. ಮಟನ್ ಸಣ್ಣಗೆ ಹೆಚ್ಚಿ ಇಟ್ಟೆ, ಮುಟ್ಟಲಿಲ್ಲ. ನಿನ್ನ ಕೊರಗೇ ಇದು ಎಂದುಕೊಂಡೆ. ನಿಜ ಹೇಳಲೇ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇದಕ್ಕಾದರೂ ಊಟ ಬಿಡುವಷ್ಟು ಧೈರ್ಯವಿದೆ, ನಾನು ಹೋಟೆಲ್ಲಿನಲ್ಲಿ ಎರಡು ಹೊತ್ತೂ ತಿನ್ನುತ್ತಿದ್ದೇನಲ್ಲ ಎಂದು.

ಮೈಯೆಲ್ಲ ಎಲುಬು ಕಾಣಿಸಿದ ಮೇಲೆ ಕೊನೆಗೆ ಗುರುವಾರ ರಜೆ ಹಾಕಿ ದನದ ದವಾಖಾನೆಗೆ ಒಯ್ದೆ. ನಿನ್ನ ಕಾಯಿಪಲ್ಲೆಯ ಬುಟ್ಟಿಯಲ್ಲಿ ಕೂಡಿಸಿ ಮೇಲೆ ಟಾವೆಲ್ ಕಟ್ಟಿ ಸೈಕಲ್ಲಿಗೆ ತೂಗುಹಾಕಿದ್ದೆ. ಅಲ್ಲಿ ನೋಡಿದರೆ ಎಮ್ಮೆ, ಎತ್ತು, ಆಡುಗಳ ಸಾಲು. ನನ್ನ ಮುಂದೆ ಜೈನಾಪುರದ ತುಕಾರಾಮ ಎನ್ನುವ ರೈತ, ಕುಂಟುವ ಎತ್ತು ಹಿಡಿದು ನಿಂತಿದ್ದ. ಬುಟ್ಟಿಯೊಳಗೆ ಇಣುಕಿ, “ಏನ್ರಿ ಸಾಹೇಬ್ರ, ಇದು ಹಾಲ ಎಷ್ಟ ಕೊಡತೈತ್ರಿ?” ಎಂದ. ಸುತ್ತಲಿನವರೆಲ್ಲ ನಕ್ಕರು. ನನಗೂ ನಗು ಬಂತು. ಆಮೇಲೆ ಅವನೇ ಅದರ ಮುಖ ನೋಡಿ, “ಪಾಪ, ಭಾಳ ಸೋತೈತ್ರಿ. ನನ್ನ ಎತ್ತ ನಿಂತಿರ್ತೈತಿ, ನೀವ ಮೊದಲ ಹೋಗ್ರಿ” ಎಂದು ಪಾಳಿ ಬಿಟ್ಟುಕೊಟ್ಟ.

ಡಾಕ್ಟರು ಚೀಟಿ ಬರೆಯುತ್ತ “ಹೆಸರೇನ್ರಿ?” ಎಂದರು. ಫಕ್ರುದ್ದೀನ ಎಂದೆ. “ನಿಮ್ದಲ್ರಿ, ಬೆಕ್ಕಿಂದು.”

ಬುಟ್ಟಿಯೊಳಗೆ ಇಣುಕಿದೆ, ಇಮಾಮಬಿ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಜೀವ, ಅದರ ಹೆಸರು ನನಗೆ ಗೊತ್ತಿರಲಿಲ್ಲ. ನನ್ನ ಎದುರಿಗೆ ನೀನು ‘ಬಾ ಬೇ’, ‘ಹೋಗ ಬೇ’ ಎಂದದ್ದು ಬಿಟ್ಟರೆ ಬೇರೇನೂ ಕೇಳಿದ ನೆನಪಿಲ್ಲ. “ಬೆಕ್ಕ ಅಂತ ಬರೀರಿ” ಎಂದೆ. ಅವರು ಹಾಗೇ ಬರೆದರು.

ಬಾಯಿ ಬಿಡಿಸಿ ನೋಡಿದರು, ನಾಲಿಗೆಯ ತುಂಬ ಹುಣ್ಣು. ಮುಂಗಾಲು ಹಿಡಿದು ಮೂಗಿನ ಹತ್ತಿರ ತಂದುಕೊಂಡು, “ಇದೇನ್ರಿ, ಚಿಮಣಿ ಎಣ್ಣಿ ವಾಸನಿ ಹೊಡ್ಯಾಕತ್ತೈತಿ. ಎಲ್ಲಿ ಅಡ್ಡಾಡಿ ಬರ್ತೈತಿ?” ಎಂದು ಕೇಳಿದರು. ಗಡಿಯಾರದ ಗಾಲಿ, ಅರಿವೆ, ಅದರ ಮೇಲೆ ಬೆಕ್ಕು ಮಲಗುವುದು, ಎಲ್ಲ ಹೇಳಿದೆ. “ಬೆಕ್ಕ ತನ್ನ ಕಾಲ ತಾನ ನೆಕ್ಕತೈತಿ. ಹತ್ತಿದ್ದೆಲ್ಲ ಹೊಟ್ಟಿಗೆ ಹೋಗತೈತಿ. ಇಷ್ಟ ದಿನಾ ಹ್ಯಾಂಗ ಉಳದೈತಿ ಅನ್ನೂದ ನನಗ ತಿಳೀವಲ್ದು” ಎಂದರು.

ಹೇಗೆ ಉಳಿದಿತ್ತು ಎನ್ನುವುದು ನನಗೆ ಆಗ ತಿಳಿಯಿತು. ನಿನ್ನ ಒದ್ದೆ ಅರಿವೆ ಕಣ್ಣ ಮುಂದೆ ಬಂತು. ಕೌದಿಗಾಗಿ ಅಲ್ಲ ನೀನು ಒರೆಸಿದ್ದು. ನನ್ನ ಕೋಣೆಯ ವಿಷವನ್ನು ದಿನಾ ಸಂಜೆ ಒರೆಸಿ ತೆಗೆಯುತ್ತಿದ್ದಿ, ಆ ಕೋಣೆಗೆ ಬಾಗಿಲು ಹಾಕಿರಿ ಎಂದು ನನಗೆ ಒಂದು ಸಲವೂ ಹೇಳದೆ. ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ, ನಿನಗೇ ಚೆನ್ನಾಗಿ ಗೊತ್ತು.

*

ಸೋಮವಾರ ಸಂಜೆ.

ನಿನ್ನೆ ಅಲ್ಲಿಗೆ ನಿಲ್ಲಿಸಿದೆ, ಮುಂದೆ ಕೈ ಓಡಲಿಲ್ಲ. ಇವತ್ತು ಕಚೇರಿಯಿಂದ ಬಂದು ಮುಖ ತೊಳೆದು ಮತ್ತೆ ಕೂತಿದ್ದೇನೆ.

ದವಾಖಾನೆಯಿಂದ ಬಂದ ದಿನವೇ ಕೋಣೆ ತೊಳೆದೆ. ಎಣ್ಣೆಯ ಡಬ್ಬಿ ಹಿತ್ತಲಿಗೆ ಹೋಯಿತು. ಹಸನಸಾಬರ ಗಡಿಯಾರವನ್ನು ಬಿಡಿಬಿಡಿಯಾಗಿಯೇ ಚೀಲದಲ್ಲಿ ಕಟ್ಟಿಟ್ಟೆ. ಕೇಳಲು ಬಂದಾಗ, “ತಡೀರಿ, ಮನ್ಯಾಗ ಬ್ಯಾನಿ ಐತಿ” ಎಂದೆ. “ಯಾರಿಗ್ರಿ, ಊರಿಂದ ಬಂದಾರೇನು?” ಎಂದರು. ಇನ್ನೂ ಬಂದಿಲ್ಲ ಎಂದೆ.

ಬೆಕ್ಕಿಗೆ ಮಲಗಲು ಮೆತ್ತಗಿನದು ಬೇಕಿತ್ತು. ನೀನು ಅರ್ಧಕ್ಕೆ ಬಿಟ್ಟುಹೋದ ಕೌದಿಯನ್ನೇ ಹಾಸಿದೆ, ಬಯ್ಯಬೇಡ, ಸೂಜಿ ತೆಗೆದಿಟ್ಟಿದ್ದೇನೆ. ಹಾಸುವಾಗ ನೋಡಿದೆ, ಅದರಲ್ಲಿ ನನ್ನ ನೀಲಿ ಗೆರೆಯ ಅಂಗಿ ಇದೆ, ಮದುವೆಯ ವರ್ಷದ ಪೈಜಾಮಾ ಇದೆ. ಹಳೆಯ ಬಟ್ಟೆಯನ್ನೆಲ್ಲ ಪಾತ್ರೆ ಮಾರುವವಳಿಗೆ ಕೊಟ್ಟೆ ಎಂದು ನೀನು ಹೇಳಿದ್ದಿ. ನನ್ನ ಅಂಗಿಯ ಪಕ್ಕದಲ್ಲೇ ನಿನ್ನ ಹಸಿರು ಸೀರೆಯ ತುಂಡು. ಎಷ್ಟು ಸಣ್ಣ ಹೊಲಿಗೆ ನಿನ್ನದು. ಗಡಿಯಾರ ನೋಡುವ ಭೂತಗನ್ನಡಿ ಹಾಕಿಕೊಂಡು ಬಹಳ ಹೊತ್ತು ನೋಡಿದೆ. ನಾನು ಪಕ್ಕದ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಗ ನೀನು ಇದನ್ನು ಮಾಡುತ್ತಿದ್ದಿ.

ಔಷಧ ಹಚ್ಚುವುದೆಂದರೆ ದೊಡ್ಡ ಕುಸ್ತಿ. ನನ್ನ ಎರಡೂ ಕೈ ಗೀರಿಹೋಗಿವೆ. ಸಾಹೇಬರು ನೋಡಿ, “ಮನೀಯವರು ಬಂದ್ರೇನು?” ಎಂದು ಕೇಳಿದರು, ಇಡೀ ಕಚೇರಿ ನಕ್ಕಿತು. ಸಂಜೆ ಕಾಲು ಒರೆಸಲು ಹೋದರೂ ಹಾಗೇ. ನನ್ನ ಕೈ ಅದಕ್ಕೆ ಗುರುತಿಲ್ಲ. ಮಂಚದ ಕೆಳಗೆ ಹೊಕ್ಕರೆ ಬರುವುದಿಲ್ಲ. ಬಾ ಎಂದೆ, ಬೆಕ್ಕೇ ಎಂದೆ, ಹಾಲಿನ ಬಟ್ಟಲು ಬಡಿದೆ. ಶನಿವಾರ ಕಣ್ಣು ಕೂಡ ತೆರೆಯಲಿಲ್ಲ. ಹೋಗಿಯೇ ಬಿಡುತ್ತದೆ, ಇಮಾಮಬಿಗೆ ಏನೆಂದು ಬರೆಯಲಿ ಎಂದು ನೆಲದ ಮೇಲೆ ಕೂತುಬಿಟ್ಟೆ.

ಆಗ ಬಂದವಳು ಪಕ್ಕದ ಮನೆಯ ಚಂದ್ರಾಬಾಯಿ. ಬಟ್ಟಲು ಬಡಿಯುವ ಸದ್ದು ಕೇಳಿ ಬಂದಿದ್ದಳು. “ಅಣ್ಣಾರ, ಹಂಗ ಬಡದ್ರ ಅದು ಬರೂದಿಲ್ರಿ. ಹೆಸರ ಹಿಡದ ಕರೀರಿ” ಎಂದಳು. ಅವಳು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಬಹುಶಃ ನೀನು ಕರೆಯುವ ಹಾಗೇ ಮೆಲ್ಲಗೆ, ಹೆಸರು ಹಿಡಿದು ಕರೆದಳು. ಮಂಚದ ಕೆಳಗೆ ಮೊದಲು ಒಂದು ಕಿವಿ ಅಲ್ಲಾಡಿತು. ಆಮೇಲೆ ತೂರಾಡುತ್ತ ಎದ್ದು ಬಂತು, ಅವಳ ಬೆರಳಿನಿಂದ ನಾಲ್ಕು ಹನಿ ಹಾಲು ನೆಕ್ಕಿತು.

ಹೋಗುವಾಗ ಚಂದ್ರಾಬಾಯಿ ಹೊಸ್ತಿಲ ಮೇಲೆ ನಿಂತು, “ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಿಮ್ಮ ಮನ್ಯಾಗಿಂದ ದಿನಾ ಮಾತ ಕೇಳಸ್ತಿದ್ವು. ಇಬ್ರೂ ಮಾತಾಡಾಕತ್ತಾರ ಅಂತ ನಾ ತಿಳಕೊಂಡಿದ್ನಿ. ಆಮ್ಯಾಲ ಗೊತ್ತಾತು, ಇಮಾಮಬಿ ಬೆಕ್ಕಿನ ಜೋಡಿ ಮಾತಾಡ್ತಿದ್ಳು. ಅಕಿ ಬರ್ತೀನಂತ ಬರದಾಳೇನ್ರಿ?” ಎಂದಳು. ಬರೆದಿಲ್ಲ ಎಂದೆ. ನೀನು ಬಾಣಂತನಕ್ಕೆ ಹೋದವಳು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬೆಕ್ಕು ಈಗ ದಿನಕ್ಕೆ ಸ್ವಲ್ಪ ಹಾಲು ಕುಡಿಯುತ್ತದೆ. ವಯಸ್ಸಾಗಿದೆ, ಒಳಗೆ ಎಷ್ಟು ಕೆಟ್ಟಿದೆಯೋ ಹೇಳಲಾಗದು ಎಂದು ಡಾಕ್ಟರು ಅಂದಿದ್ದಾರೆ. ಗುಣವಾಗಿಯೇ ಆಗುತ್ತದೆ ಎಂದು ಬರೆದು ನಿನಗೆ ಸುಳ್ಳು ಧೈರ್ಯ ಕೊಡಲಾರೆ. ಇವತ್ತು ಸಂಜೆ ಒದ್ದೆ ಅರಿವೆ ಹಿಡಿದು ಹೋದಾಗ ಮೂರು ಕಾಲು ಒರೆಸಿಕೊಂಡಿತು. ನಾಲ್ಕನೆಯದಕ್ಕೆ ಗೀರಿತು.

ಅಬೇದಾ ಚೆನ್ನಾಗಿ ಊಟ ಮಾಡಲಿ. ಕೂಸಿಗೆ ಅಲ್ಲಾಹನು ನೂರು ವರ್ಷ ಆಯುಷ್ಯ ಕೊಡಲಿ. ಹೊಲದ ಗಾಳಿ ಈಗ ತಣ್ಣಗಿರುತ್ತದೆ, ನೀನು ಹೊದ್ದುಕೊಂಡು ಮಲಗು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀ ಎಂದುಕೊಂಡಿದ್ದೇನೆ.

ನಿನ್ನ,
ಫಕ್ರುದ್ದೀನ

ತಾ.ಕ.: ಹೆಸರಿನ ಮಾತು ಬರೆಯದೆ ಪತ್ರ ಮುಗಿಸೋಣ ಎಂದಿದ್ದೆ. ಲಕೋಟೆಗೆ ಅಂಟು ಹಚ್ಚಲು ಆಗಲಿಲ್ಲ.

ಚಂದ್ರಾಬಾಯಿ ಕರೆದದ್ದು, “ಮಾಶಾ, ಮಾಶಾಬಿ, ಬಾರವ್ವಾ” ಎಂದು.

ನಮ್ಮ ಕೂಸು ಹೋಗಿ ಹನ್ನೆರಡು ವರ್ಷವಾಯಿತು. ಆಗಷ್ಟೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ನನ್ನ ಅವ್ವನ ಈ ಹೆಸರನ್ನು ನಾನೇ ಆರಿಸಿ ಅದಕ್ಕೆ ಇಟ್ಟಿದ್ದೆ. ಆ ಹೆಸರು ಎತ್ತಬೇಡ ಎಂದು ನಾನು ನಿನಗೆ ಹೇಳಲಿಲ್ಲ, ನೀನೂ ನನಗೆ ಹೇಳಲಿಲ್ಲ, ಆದರೂ ಅಂದಿನಿಂದ ನಮ್ಮ ನಡುವೆ ಅದು ಬರಲೇ ಇಲ್ಲ. ತೊಟ್ಟಿಲು ಇದ್ದ ಕೋಣೆಯಲ್ಲಿ ನಾನು ಗಡಿಯಾರ ಬಿಚ್ಚಿಕೊಂಡು ಕೂತೆ, ಅವುಗಳ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಅದು ನನಗೆ ಹಿತವಾಗಿತ್ತು. ಗೋಡೆಯ ಆಚೆ ನೀನು ದಿನಾ ಮಗಳನ್ನು ಕರೆಯುತ್ತಿದ್ದಿ, ಕಾಲು ಒರೆಸುತ್ತಿದ್ದಿ. ಪಕ್ಕದ ಮನೆಯವಳಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ.

ಬಾ ಎಂದು ಹೇಳಲು ನನಗೆ ಮುಖವಿಲ್ಲ. ಶುಕ್ರವಾರ ನಿಮ್ಮೂರ ದಾರಿಯ ಟಿಕೋಟಾ ಬಸ್ ನಿಲ್ದಾಣದಲ್ಲಿ ಬುಟ್ಟಿ ಹಿಡಿದುಕೊಂಡು ನಿಂತಿರುತ್ತೇನೆ, ಬುಟ್ಟಿಯಲ್ಲಿ ಅದೂ ಇರುತ್ತದೆ. ನೀನು ಬಂದರೆ ಮೂವರೂ ಮನೆಗೆ ಬರೋಣ, ಬಾರದಿದ್ದರೆ ನೋಡಿಯಾದರೂ ಹೋಗು.

ಆ ಹೆಸರು ಹಿಡಿದು ನಾನೂ ಇವತ್ತು ಕರೆದು ನೋಡಿದೆ. ಪೂರ್ತಿ ಬಾಯಿಂದ ಬರಲಿಲ್ಲ. ಅಷ್ಟಕ್ಕೇ ಅದು ಮಂಚದ ಕೆಳಗಿನಿಂದ ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಿದೆ, ನಾಲ್ಕನೆಯ ಕಾಲನ್ನೂ ಒರೆಸಿಕೊಂಡಿತು.