ಹೊತ್ತು ಮುಳುಗುವ ಮೊದಲು ಉಂಡವನ ಅಪರಾಧ

ಮಾನ್ಯ ಫೌಜದಾರರೇ,

‘ಒಲಿದವರು ಹೊರಟ ದಾರಿಗೆ ಊರೇ ದೀಪ ಹಿಡಿಯಿತು’ ಎಂಬ ಸಾಲನ್ನು ಎಲ್ಲೋ ಓದಿದ್ದೆ, ಮುಂದಿನದು ಮರೆತಿದೆ. ಬರೆದವರು ಯಾವ ಊರಿನವರೋ! ನಮ್ಮ ಕಡೆ ದೀಪ ಹಿಡಿಯುವುದು ಮುಖ ಗುರುತಿಸಲು. ವಯಸ್ಸಿಗೆ ಬಂದ ನನ್ನ ಅಣ್ಣನ ಮಗಳು ಬಾಳವ್ವನನ್ನು, ಅವಳ ಇಚ್ಛೆಯೇನೆಂದು ಒಂದು ಮಾತೂ ಕೇಳದೆ, ತಾವು ಅಪ್ಪನ ಕೈಗೆ ಒಪ್ಪಿಸಿದಿರಿ. ನನ್ನ ದೂರು ಇಷ್ಟೇ.

ಅವಳನ್ನೂ ಅವಳ ಜೊತೆ ಮನೆಬಿಟ್ಟು ಹೊರಟ ಧರಣೇಂದ್ರನನ್ನೂ ಧರ್ಮಗೇಡಿಗಳೆಂದು ಕರೆದಿರಂತೆ. ಅವರು ಸಿಕ್ಕಿಬಿದ್ದ ಬಗೆ ತಮಗೆ ಗೊತ್ತೇ? ಕುಲಗೋಡದಿಂದ ಹೊರಟವರು ಕೊಲ್ಲಾಪುರದಲ್ಲಿ ಗುಟ್ಟಾಗಿ ಮದುವೆಯಾಗುವವರಿದ್ದರು. ಬೆಲ್ಲದ ಬಾಗೇವಾಡಿಗೆ ಬರುವಾಗ ಹೊತ್ತು ಇಳಿಯುತ್ತಿತ್ತು. ಧರಣೇಂದ್ರ ಜೈನರ ಹುಡುಗ, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಅವನು ಬೇಡವೆಂದರೂ ಗಾಡಿ ನಿಲ್ಲಿಸಿದವಳು ಬಾಳವ್ವ. ಗಂಡ ಹೆಂಡತಿ ಎಂದು ಹೇಳಿಕೊಂಡು ಲಕ್ಕವ್ವ ಎಂಬ ಮುದುಕಿಯ ಮನೆಯಲ್ಲಿ ರೊಟ್ಟಿ ಕೇಳಿದರು. ಅವನು ಅವಸರದಲ್ಲಿ ಉಂಡ. ಇವಳು ಪೂಜೆಯಿಲ್ಲದೆ ಉಣ್ಣಳು. ಅವನೇ ಬಾವಿಯಿಂದ ನೀರು ಸೇದಿ ತಂದ; ಇವಳು ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕುಳಿತಳು. ಮುದುಕಿ ದೀಪ ಎತ್ತಿ ಹಿಡಿದಳು.

“ಗಂಡ ನೋಡಿದ್ರ ಬಸ್ತಿಯಾಂವ, ಹೆಂಡ್ತಿ ಮಠದಾಕಿ. ನಿಮ್ಮ ಲಗ್ನಕ್ಕ ಅಕ್ಕಿಕಾಳ ಹಾಕಿದಾಂವ ಯಾರವ್ವಾ?”

ಓಣಿಯೆಲ್ಲ ಕೂಡಿ ಇಬ್ಬರನ್ನೂ ತಮ್ಮ ಠಾಣೆಗೆ ಒಪ್ಪಿಸಿತು. ಒಬ್ಬರ ನೇಮ ಮುರಿಯಲು ಇನ್ನೊಬ್ಬರು ಬಿಡಲಿಲ್ಲ, ಅದಕ್ಕೇ ಸಿಕ್ಕರು. ಧರ್ಮವನ್ನು ಗಾಳಿಗೆ ತೂರಿದ್ದರೆ ಮರುದಿನ ಕೊಲ್ಲಾಪುರ ಮುಟ್ಟುತ್ತಿದ್ದರು. ಈ ಅಪರಾಧಕ್ಕೆ ತಮ್ಮ ಕಾಯಿದೆಯಲ್ಲಿ ಯಾವ ಕಲಮು ಇದೆ, ಸಾಹೇಬರೇ? ಅಪ್ಪನ ಮಾತನ್ನು ಅಷ್ಟು ಹೊತ್ತು ಕೇಳಿದ ತಮಗೆ, ಮೂಲೆಯಲ್ಲಿ ನಿಂತವಳಿಗೂ ಬಾಯಿದೆ ಎಂದು ಹೊಳೆಯಲಿಲ್ಲವೇ?

ಈಗ ಅಣ್ಣ ಅವಳಿಗೆ ಎರಡನೇ ಸಂಬಂಧದ ವರನನ್ನು ಗೊತ್ತುಮಾಡಿದ್ದಾನೆ. ಬೇಡವೆನ್ನಲು ಹೋಗಿದ್ದೆ. ಎಂ.ಎ. ಓದಿದವಳೆಂದು ನನಗೆ ಕುರ್ಚಿ ಹಾಕಿದರು, ಮಾತು ಕೇಳಲಿಲ್ಲ. ಹುಡುಗಿಯ ಕೋಣೆಗೆ ಚಿಲಕ ಹಾಕಿತ್ತು.

ಲಗ್ನಕ್ಕೆ ಮೊದಲು ಅವಳನ್ನು ಕರೆಸಿ, ಮನೆಯವರನ್ನು ಹೊರಗೆ ನಿಲ್ಲಿಸಿ, ಅವಳ ಬಾಯಿಂದಲೇ ಜಬಾಬು ಬರೆದುಕೊಳ್ಳಿ. ತಾವು ಕರೆಸುವುದಿಲ್ಲವೆಂದು ಬಲ್ಲೆ. ಯಾರೂ ಕೇಳಲಿಲ್ಲ ಎಂದಾಗಬಾರದೆಂದು ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ಇಂತಿ,
ಕುರ್ಚಿ ಮಾತ್ರ ಸಿಕ್ಕ ಒಬ್ಬ ಸೋದರತ್ತೆ
ಗೋಕಾಕ, ೧೯೪೩

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ, ಕುಲಗೋಡಕ್ಕೆ ಹೋಗಿದ್ದ ನೆರೆಮನೆಯ ಉದ್ದವ್ವ ಬಾಗಿಲಿಗೆ ಬಂದಳು. ಬರೆದುದನ್ನು ತಿದ್ದದೆ ಕಳಿಸುತ್ತಿದ್ದೇನೆ. ಅವಳು ಹೊಸ್ತಿಲು ದಾಟಲಿಲ್ಲ, ನಿಂತಲ್ಲಿಂದಲೇ ಹೇಳಿದಳು:

“ಅಕ್ಕಾರ, ನಿಮ್ಮ ಬಾಳವ್ವನ ಲಗ್ನಾ ನಿನ್ನೆ ಮುಗಿಸ್ಯಾರ್ರಿ. ಸಂಜಿಮುಂದ ಗಂಡನ ಬಾಜೂಕ ಕುಂದರ್ಸಿ ಎಲಿ ಹಾಕಿದ್ರು. ಎಷ್ಟ ಹೇಳಿದ್ರೂ ಹುಡುಗಿ ತುತ್ತ ಮುಟ್ಟಲಿಲ್ರಿ. ‘ಹೊತ್ತ ಮುಳಗೇತಿ’ ಅಂದ್ಲು.”