ಏಳನೇ ಅಧ್ಯಾಯದ ನಗು

ಸೆಪ್ಟೆಂಬರ್ ೧೨, ಬೆಳಿಗ್ಗೆ

ಗಂಜಿ ಒಲೆಯ ಮೇಲಿಟ್ಟು ಕೂತೆ. ಏಳನೇ ಅಧ್ಯಾಯದ ಅನುವಾದ ಮುಗಿಯಿತು — ಕಂಪನಿಗಳ ಇಂಟರ್‌ವ್ಯೂಗಳಲ್ಲಿ ಹೆಂಗಸರಿಗೆ ಕೇಳುವ ಪ್ರಶ್ನೆಗಳು. "ಮಗು ಯಾವಾಗ?" ಎಂದರೆ ಏನು ಹೇಳಬೇಕು? ಇಂಗ್ಲಿಷಿನಲ್ಲಿ ಅಮೆರಿಕದ ಲೇಖಕಿ ಬರೆದದ್ದು: ಉತ್ತರ ಕೊಡಬೇಡಿ, ಗಂಡಸರಿಗೂ ಇದನ್ನು ಕೇಳುತ್ತೀರಾ ಎಂದು ತಿರುಗಿ ಕೇಳಿ. ಅಬ್ಬಾ! ನಮ್ಮ ನಾನ್‌ಜಿಂಗ್‌ನಲ್ಲಿ ಹಾಗಂದವಳಿಗೆ ನೇರ ಬಾಗಿಲು ತೋರಿಸುತ್ತಾರೆ. ಚೀನೀ ಭಾಷೆಯಲ್ಲಿ ಹೀಗೆ ಬದಲಿಸಿದೆ: "ನಸುನಕ್ಕು, ಸದ್ಯಕ್ಕೆ ಆ ಯೋಚನೆಯಿಲ್ಲ ಎನ್ನಿ." ಓದುವ ಹುಡುಗಿಯರ ಒಳ್ಳೆಯದಕ್ಕೇ ತಾನೆ. ಗಿರಣಿಯಲ್ಲಿ ನೂಲುತ್ತಾ, ರೇಡಿಯೋ ಕೇಳಿ ಇಂಗ್ಲಿಷ್ ಕಲಿತವಳು ನಾನು. ಮೂಲವನ್ನು ಇಷ್ಟು ಬದಲಿಸುವ ಸಲಿಗೆ ನನಗಿಲ್ಲವೇ... ಅಕ್ಕಾ, ನೀನು ಬದುಕಿದ್ದರೆ ನಗುತ್ತಿದ್ದೆ.

ಸೆಪ್ಟೆಂಬರ್ ೧೫

ನಿನ್ನ ಮಗಳು ಮೂಯುನ್ ಬಂದಿದ್ದಳು.

"ಚಿಕ್ಕಮ್ಮ, ನಾಡಿದ್ದು ಇಂಟರ್‌ವ್ಯೂ. ನಿಮ್ಮ ಅಮೆರಿಕದವಳು ಏನಂತಾಳೆ, ಕೊಡಿ ನೋಡೋಣ."

"ಮೊದಲು ಬಾತುಕೋಳಿ ತಿನ್ನೇ. ಉಪ್ಪು ಸರಿಯಾಗಿ ಹಿಡಿದಿದೆ."

"ಥೇಟ್ ನನ್ನ ಗಂಡನ ಥರ. ಬಾಯಿ ಬಿಟ್ಟರೆ ಊಟ!"

ಏಳನೇ ಅಧ್ಯಾಯದ ಹಾಳೆಗಳನ್ನು ಬ್ಯಾಗಿಗೆ ತುರುಕಿಕೊಂಡು ಹೋದಳು. ಆ ನಸುನಗುವ ಸಾಲು ಲೇಖಕಿಯದಲ್ಲ, ನನ್ನದು ಎನ್ನಬೇಕಿತ್ತು. ಸಂಕೋಚ... ಸುಮ್ಮನಾದೆ.

ಸೆಪ್ಟೆಂಬರ್ ೨೪, ಸಂಜೆ

ಮೂಯುನ್‌ಗೆ ಕೆಲಸ ಸಿಕ್ಕಿತು. ಹಣ್ಣು ತಂದಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಹೇಳಿದಳು —

"ಆಸ್ಪತ್ರೆಗೆ ಹೋಗೋದು ನಿಲ್ಲಿಸಿದೀನಿ ಚಿಕ್ಕಮ್ಮ."

ಮಗುವಿಗಾಗಿ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡವಳು. ಮೂವತ್ತೆಂಟಾಯಿತು. ತಡ ಮಾಡಬೇಡಿ ಎಂದು ಡಾಕ್ಟರು ಹೇಳುವಾಗ ಪಕ್ಕದಲ್ಲಿ ನಾನೇ ಕೂತಿದ್ದೆ.

"ಯಾಕೇ?"

"ಸದ್ಯಕ್ಕೆ ಯೋಚನೆ ಇಲ್ಲ ಅಂತ ನಕ್ಕೆ. ಹಾಗಾದ್ರೆ ಎರಡು ವರ್ಷ ಮಗು ಬೇಡ, ಮಾತು ಕೊಡಿ ಅಂದ್ರು. ಕೊಟ್ಟೆ. ಒಂದು ಕ್ಷಣ ಜಗಳಾನೇ ಆಡಿಬಿಡೋಣ ಅನ್ನಿಸಿತ್ತು. ಆದ್ರೆ ಅಮೆರಿಕದವರೇ ನಕ್ಕು ಸುಮ್ಮನಿರಿ ಅಂದ್ಮೇಲೆ ನಾನ್ಯಾವ ದೊಡ್ಡ ಮನುಷ್ಯಳು?"

ತಟ್ಟೆ ಒರೆಸುತ್ತಲೇ ಇದ್ದಳು. ಅದು ಆಗಲೇ ಒಣಗಿತ್ತು.

ಅಕ್ಟೋಬರ್ ೯

ಇಷ್ಟು ದಿನ ಬರೆಯಲಾಗಲಿಲ್ಲ.

ಕೊನೆಯ ಪ್ರೂಫ್ ಬಂದಿದೆ. ಪ್ರಕಾಶನದ ಸಂಪಾದಕಿ ಫೆಂಗ್ ಫೋನ್ ಮಾಡಿದ್ದಳು. ಗೌರವಕ್ಕೆ ನನ್ನನ್ನು ಟೀಚರ್ ಎನ್ನುತ್ತಾಳೆ.

"ಟೀಚರ್, ಏಳನೇ ಅಧ್ಯಾಯ ಎಷ್ಟು ನಯವಾಗಿದೆ! ಇಲ್ಲಿ ಎಲ್ಲರಿಗೂ ಅದೇ ಇಷ್ಟ."

"ಆ ನಯ ಅವಳದಲ್ಲಮ್ಮ, ನನ್ನದು. ಅವಳು ತಿರುಗಿ ಕೇಳಿ ಅಂತಾಳೆ. ನಾನು ನಗಿಸಿಬಿಟ್ಟೆ."

"ಬಿಡಿ ಟೀಚರ್, ಇಂಗ್ಲಿಷ್ ಪಕ್ಕದಲ್ಲಿಟ್ಟುಕೊಂಡು ಯಾರು ಓದ್ತಾರೆ?"

"ಚೀನೀಯಲ್ಲೇ ಓದಿ ನಂಬಿದವಳು ಒಬ್ಬಳಿದ್ದಾಳೆ."

"...ಸರಿ, ತಿದ್ದಿ ಕಳಿಸಿ. ನಾಳೆಯೇ ಬೇಕು."

ಅಕ್ಟೋಬರ್ ೧೦, ಮಧ್ಯಾಹ್ನ

ಕೆಂಪು ಪೆನ್ನಿನಲ್ಲಿ ತಿದ್ದಿದೆ. ಲೇಖಕಿಯ ಮಾತು ಲೇಖಕಿಯದಾಯಿತು. ಪುಸ್ತಕಕ್ಕೆ ಅಷ್ಟು ಸಾಕು. ಮೂಯುನ್‌ಗೆ?

ಫೋನ್ ಮಾಡಿ ಬಾ ಎಂದೆ.

"ಏನು, ಬಾತುಕೋಳಿನಾ?"

"ಅದೂ ಇದೆ."

ಮೇಜಿನ ಮೇಲೆ ತಟ್ಟೆ. ಪಕ್ಕದಲ್ಲಿ ತಿದ್ದಿದ ಆ ಹಾಳೆ. ಎರಡು ಸಲ ಮುಚ್ಚಿಟ್ಟೆ, ಮತ್ತೆ ತೆಗೆದಿಟ್ಟೆ. ಓದಿ ಸಿಟ್ಟಾಗಿ ಎದ್ದು ಹೋದರೆ ಹೋಗಲಿ, ಆಸ್ಪತ್ರೆಗೆ ಹೋದರಾಯಿತು. ಹೋಗುತ್ತಾಳೋ... ಕೊಟ್ಟ ಮಾತು ಎಂದು ಹಟ ಹಿಡಿದರೆ? ಹಟದಲ್ಲಿ ನಿನ್ನ ಮಗಳೇ.

ಮೆಟ್ಟಿಲ ಮೇಲೆ ಅವಳ ಸದ್ದು. ಏನೋ ಗುನುಗುತ್ತಾ ಬರುತ್ತಿದ್ದಾಳೆ. ಅಕ್ಕಾ, ಮೊದಲ ಮಾತು ಏನೆನ್ನಲಿ? ನಗಬಾರದು. ಈ ಸಲ ನಗದೆ —