ಗುಡ್ಡವ್ವನ ಮನೆಯಲ್ಲಿ ಉಡಿಯೊಡ್ಡಿದ್ದು

ರಾಣೆಬೆನ್ನೂರು
ಫೆಬ್ರುವರಿ ೧೬, ೨೦೨೫

ಅವ್ವಾ,

ಮಾತೃಶ್ರೀಯವರ ಚರಣಗಳಿಗೆ ಅಂತ ಶುರುಮಾಡಿದರೆ ನೀನು ನಗುತ್ತೀ, ಅದಕ್ಕೇ ಬರೀ ಅವ್ವಾ. ಫೋನಿನಲ್ಲಿ ನನ್ನ ಮದುವೆಯ ಮಾತು ತೆಗೆದರೆ ಸಾಕು, ರೊಟ್ಟಿ ಹಂಚು ಕಾದಿದೆ ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಹಾಗೆ ಮಾಡಲಾರೆ. ನೀನಿರುವ ಮಸ್ಕತ್ತಿನಲ್ಲಿ ನಮ್ಮ ಕಡೆಯವರು ಕಟ್ಟಿಕೊಂಡಿರುವ ವರದಾ ಬಳಗದ ಕಾರ್ಯದರ್ಶಿ ಅರುಣಕ್ಕ ರಜೆ ಮುಗಿಸಿ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತಿದ್ದೇನೆ.

ನಾನೊಂದು ಕೆಲಸ ಕೆಡಿಸಿದ್ದೇನೆ. ಅಲ್ಲಿ ಅಷ್ಟಿಷ್ಟು ಕೇಳಿರುತ್ತೀ, ಪೂರ್ತಿ ನನ್ನಿಂದಲೇ ಕೇಳು.

ಪಾಸ್‌ಪೋರ್ಟು ಸಾಹುಕಾರರ ಕಡೆ ಇದೆ, ಬಿಡುತ್ತಿಲ್ಲ, ಅದಕ್ಕೇ ಮದುವೆಗೆ ಬರಲಾಗುವುದಿಲ್ಲ ಎಂದು ನೀನು ಹೇಳಿದೆ. ನಾನು ನಂಬಿದೆ. ಬಳಗದವರೇ ನಿನ್ನ ಸಾಹುಕಾರ ಕೊಟ್ರೇಶಣ್ಣನನ್ನು ಕೇಳಿ ಬಿಡಿಸಿಕೊಡಲಿ ಎಂದು ಅರುಣಕ್ಕನನ್ನು ಹಿಡಿದೆ. ಅವಳ ಮುಖ ಸಣ್ಣದಾಯಿತು. ನೀನು ರೊಟ್ಟಿ ಬಡಿಯುವ ಆ ಹೋಟೆಲ್ಲು, ಅವನ ಮಸಾಲೆ ಕಂಪನಿ, ಇವೆರಡರ ದುಡ್ಡಿನಿಂದಲೇ ಅಲ್ಲವೇ ಬಳಗದ ಹಾಲ್‌ನ ಬಾಡಿಗೆ, ಊಟ, ಸೌಂಡು, ಮಕ್ಕಳ ಬಹುಮಾನ ಎಲ್ಲವೂ? ಬ್ಯಾನರಿನಲ್ಲಿ ಬಳಗದ ಹೆಸರಿಗಿಂತ ಅವನ ಹೆಸರೇ ದೊಡ್ಡದಂತೆ. “ಉಂಡ ಮನೀ ಜಂತಿ ಎಣಿಸಿದಂಗ ಆಗತದ, ಸ್ನೇಹಾ” ಅಂದಳು.

ನನಗೆ ಉರಿದುಹೋಯಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಾನು ಅದರ ಉಲ್ಟಾ. ಅರುಣಕ್ಕನೇ ನನ್ನನ್ನು ಸೇರಿಸಿದ್ದ ಬಳಗದ ವಾಟ್ಸಾಪ್ ಗುಂಪಿನಲ್ಲಿ, ನಮ್ಮವ್ವನನ್ನು ಕಟ್ಟಿಹಾಕಿದವರ ಕೊರಳಿಗೆ ಹಾರ ಹಾಕುತ್ತೀರಲ್ಲ, ನಿಮಗೆ ನಾಚಿಕೆ ಇಲ್ಲವೇ ಎಂದು ಬರೆದುಬಿಟ್ಟೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ನಿನ್ನ ಮಗಳೇ ಅಲ್ಲ. ಸೀರೆ ಉಟ್ಟು ಬ್ಯಾಡಗಿ ಬಸ್ಸು ಹತ್ತಿ ಕೊಟ್ರೇಶಣ್ಣನ ತಾಯಿ ಗುಡ್ಡವ್ವನ ಮನೆಗೇ ಹೋದೆ.

ಅಂಗಳದಲ್ಲಿ ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಾನು ಸೀನುತ್ತಲೇ ಒಳಗೆ ಹೋದೆ. ಮುದುಕಿಗೆ ನಾನು ಯಾರ ಮಗಳೆಂದು ತಿಳಿದು ಬಹಳ ಖುಷಿಯಾಯಿತು. “ಮದುವಿ ಹುಡುಗಿ, ಹಂಗ ಕಳಸಬಾರದು” ಎಂದು ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿ, ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ತಂದಳು. ನಾನು ಸೆರಗೊಡ್ಡಿದೆ. ಒಡ್ಡಿ, “ಅಕ್ಕಿ ಬ್ಯಾಡ್ರಿ ಅಮ್ಮಾ. ನಮ್ಮವ್ವನ್ನ ಹಾಕ್ರಿ ನನ್ನ ಉಡಿಯಾಗ” ಅಂದೆ.

ಉಡಿಯೊಡ್ಡಿದ ಮದುವಣಗಿತ್ತಿ ಹಾಗೇ ಎದ್ದುಹೋದರೆ ಆ ಮನೆಗೆ ಒಳ್ಳೆಯದಲ್ಲ. ಅದು ಗೊತ್ತಿದ್ದೇ ಮಾಡಿದೆ, ಅವ್ವಾ. ಗುಡ್ಡವ್ವ ಬೊಗಸೆಯ ಅಕ್ಕಿಯನ್ನು ತಟ್ಟೆಗೆ ಸುರಿದಳು. ಅಲ್ಲೇ ಮಗನಿಗೆ ಫೋನು ಹಚ್ಚಿಸಿದಳು, ಎಲ್ಲರಿಗೂ ಕೇಳುವ ಹಾಗೆ.

ಅವನು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ತಣ್ಣಗೆ ಹೇಳಿದ: “ಅವ್ವಾ, ಸುಶೀಲಕ್ಕನ ಪಾಸ್‌ಪೋರ್ಟ್ ಆಕಿ ಕಡೇನ ಐತಿ. ಮಗಳ ಮದುವಿಗೆ ಹೋಗಿ ಬಾ, ಟಿಕೆಟ್ ನಾನ ತಗಸ್ತೇನಿ ಅಂದೆ. ಆಕೀನ ಒಲ್ಲೆ ಅಂದಾಳ.”

ತೊಟ್ಟು ಮುರಿಯುವ ಕೈಗಳೆಲ್ಲ ನಿಂತವು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನ್ನನ್ನು ನೋಡಿಯೇ ಹೇಳಿರಬೇಕು. ಪುಣ್ಯಾತ್ಗಿತ್ತಿ ಗುಡ್ಡವ್ವ ಆಗಲೂ ಅಕ್ಕಿ ಹಿಡಿದು ಹತ್ತಿರ ಬಂದಳು. ಯಾವ ಮುಖ ಹೊತ್ತು ತುಂಬಿಸಿಕೊಳ್ಳಲಿ? ಸೆರಗು ಮುಚ್ಚಿಕೊಂಡು ಎದ್ದುಬಂದೆ. ಅದೇ ಗುಂಪಿನಲ್ಲಿ ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬರೆದೆ. ಕೊಟ್ರೇಶಣ್ಣ ಯುಗಾದಿ ಕಾರ್ಯಕ್ರಮದಿಂದ ತನ್ನ ಹೆಸರು ತೆಗೆಯಿರಿ ಅಂದನಂತೆ. ಬಳಗದವರು ಈಗ ಹಾಲ್‌ನ ಬಾಡಿಗೆಗೆ ದುಡ್ಡು ಕೊಡುವವರನ್ನು ಹುಡುಕುತ್ತಿದ್ದಾರೆ. ನನ್ನ ಪರವಾಗಿ ನೀನು ಅವನಿಗೆ ಕೈಮುಗಿ. ಮುಗಿಯಲೇಬೇಕು, ಸುಳ್ಳು ನಿನ್ನದು.

ಬಸ್ಸಿನಲ್ಲಿ ಅಳುತ್ತ ಬಂದೆ. ಮಗಳ ಮದುವೆ ಬೇಡವಾದ ತಾಯಿಯೂ ಇರುತ್ತಾಳೆಯೇ ಎಂದು ನಿನ್ನನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ಮರುದಿನ ಅರುಣಕ್ಕ ಬಂದು ಬಳಗದ ಸಂಕ್ರಾಂತಿಯ ಫೋಟೋ ತೋರಿಸಿದಳು. ನೀನು ಮುಂದಿನ ಸಾಲಿನಲ್ಲಿ ಕೂತಿದ್ದೀ. ದುಡ್ಡು ಕೊಟ್ಟ ಸಾಹುಕಾರರ ಹೆಂಡಂದಿರು ನಿನ್ನಿಂದ ಕುಂಕುಮ ಹಚ್ಚಿಸಿಕೊಳ್ಳಲು ಬಗ್ಗಿದ್ದಾರೆ. ನಿನ್ನ ತುರುಬಿನಲ್ಲಿ ಮಲ್ಲಿಗೆ. “ಅಲ್ಲೆ ಯಾರೂ ಏನೂ ಕೇಳಂಗಿಲ್ಲ. ಮೊದಲ್ನೇ ಕುಂಕುಮ ಸುಶೀಲಕ್ಕಂದ” ಅಂದಳು ಅರುಣಕ್ಕ.

ಅಪ್ಪ ಹೋದ ಮೇಲೆ ಇಲ್ಲಿ ನಿನ್ನ ತಲೆಯಲ್ಲಿ ಹೂವು ಕಂಡದ್ದೇ ಇಲ್ಲ. ಚಿಕ್ಕಪ್ಪನ ಮಗಳು ಶ್ವೇತಾಳ ಮದುವೆಯಲ್ಲಿ ಆರತಿಯ ಹೊತ್ತಿಗೆ ಯಾರೋ, “ವೈನೀ, ನೀವು ಅಡಗಿ ಮನೀ ಕಡೆ ನೋಡ್ರಿ” ಅಂದರು. ನೀನು ನಕ್ಕು ಒಳಗೆ ಹೋದೆ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಮದುವೆಯಲ್ಲೂ ಬಾಗಿಲ ಹಿಂದೆ ನಿಲ್ಲುವುದಕ್ಕಿಂತ ಅಲ್ಲೇ ಇರುವುದು ಲೇಸು ಎನ್ನಿಸಿತೇ? ಅದಕ್ಕೆ ಪಾಪದ ಕೊಟ್ರೇಶಣ್ಣನನ್ನು ಕಳ್ಳನನ್ನಾಗಿ ಮಾಡಿದೆಯಾ?

ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನೀನು ಬೇಕು ಅನ್ನಿಸುತ್ತಿದೆ. ಅಡುಗೆಮನೆಯಲ್ಲಲ್ಲ, ಹಂದರದಲ್ಲಿ. ಮೊದಲ ಉಡಿ ನೀನೇ ತುಂಬಬೇಕು. ಆ ಮಲ್ಲಿಗೆ ಮುಡಿದೇ ಬಾ.

ನಿನ್ನ ಜಗಳಗಂಟಿ ಮಗಳು,
ಸ್ನೇಹಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಮೊದಲ ಉಡಿಯ ಮಾತನ್ನು ಕರ್ಜಗಿಯಲ್ಲಿ ಗಂಡಿನ ಮನೆಯವರಿಗೂ ಹೇಳಿಬಿಟ್ಟೆ. ವಿಧವೆ ಉಡಿ ತುಂಬುವುದುಂಟೇ ಎಂದು ಹಿರಿಯರು ಮದುವೆ ಮುಂದೆ ಹಾಕಿದ್ದಾರೆ, ಫೋನೂ ಎತ್ತುತ್ತಿಲ್ಲ. ನಿನ್ನೆ ನಿನ್ನ ಅಳಿಯನಾಗುವ ಸುನೀಲಕುಮಾರ ಒಬ್ಬನೇ ಬೈಕಿನಲ್ಲಿ ಬಂದಿದ್ದ. ಒಳಗೂ ಬರಲಿಲ್ಲ, ಚಹಾನೂ ಕುಡಿಯಲಿಲ್ಲ. “ನಮ್ಮ ಮನಿಯವರನ್ನ ನಾ ನೋಡ್ಕೋತೇನಿ. ಅತ್ತಿ ಯಾವಾಗ ಬರ್ತಾರ, ಅಷ್ಟ ಹೇಳು” ಅಂದ. ಅವ್ವಾ, ಅವನಿಗೆ ಏನು ಹೇಳಲಿ?